ಸಮುದ್ರದ ಕೆಳಗಿನ ಊರು

ಗೆಳೆಯ ತಿಮ್ಮಯ್ಯನಿಗೆ,

ಗೆಳೆಯ ಎಂದು ಬರೆದುಬಿಟ್ಟೆ. ನೀನು ಬದುಕಿದ್ದಾಗ ಒಂದು ಸಲವೂ ಹಾಗೆ ಕರೆದವನಲ್ಲ. ನಿನಗೆ ನಾನು ಮೇಷ್ಟ್ರು, ನನಗೆ ನೀನು ಗಾರೆ ತಿಮ್ಮಯ್ಯ. ನಿನಗೆ ಅಕ್ಷರ ಬಾರದು ಎಂಬುದನ್ನೂ ಮರೆತಿಲ್ಲ. ಮದ್ದೂರಿನಿಂದ ನಿನ್ನ ತಮ್ಮ ಬರೆಸಿ ಕಳಿಸುತ್ತಿದ್ದ ಕಾಗದಗಳನ್ನೆಲ್ಲ ಓದಿ ಹೇಳುತ್ತಿದ್ದವನು ನಾನೇ ತಾನೆ? ಇದನ್ನೂ ನಾನೇ ಓದಿ ಹೇಳುತ್ತೇನೆ. ಮಕ್ಕಳು ಹೊರಟುಹೋದ ಮೇಲೆ ಶಾಲೆಯ ಬಾಗಿಲು ಮುಂದಕ್ಕೆಳೆದು ಓದುತ್ತೇನೆ. ನೀನು ಎಂದಿನಂತೆ ಕುಕ್ಕರುಗಾಲಲ್ಲಿ ಕೂತು ಕೇಳು. ಆದರೆ ಈ ಸಲ ಹೊಸ್ತಿಲಿನ ಆಚೆ ಬೇಡ, ಒಳಗೆ ಬಂದು ಕೂತುಕೋ. ನಡುವೆ ಬಾಯಿ ಹಾಕಬೇಡ, ಹಾಕಿದರೆ ನಾನು ಪೂರ್ತಿ ಹೇಳಲಾರೆ.

ಪಟೇಲ ಪುಟ್ಟೇಗೌಡರ ಹೊಸ ಮನೆಯ ಜಗುಲಿಯಲ್ಲಿ ಆ ಮರದ ಪೆಟ್ಟಿಗೆ ಒಡೆದ ದಿನ ನೆನಪಿದೆಯಾ? ಮೈಸೂರಿನಲ್ಲಿ ಯಾರೋ ದೊರೆ ಬಂಗಲೆ ಖಾಲಿ ಮಾಡಿ ಹೊರಟಾಗ ಪಟೇಲರು ಹರಾಜಿನಲ್ಲಿ ಹಿಡಿದು, ಗಾಡಿಯಲ್ಲಿ ನಮ್ಮ ಬೆಳಕವಾಡಿಯವರೆಗೂ ತೊಡೆಯ ಮೇಲಿಟ್ಟುಕೊಂಡಂತೆ ಜೋಪಾನವಾಗಿ ತಂದದ್ದು. ಒಣಹುಲ್ಲಿನೊಳಗೆ ಇಪ್ಪತ್ತನಾಲ್ಕು ಪಿಂಗಾಣಿ ಬಿಲ್ಲೆ, ಬಿಳಿಯ ಮೇಲೆ ನೀಲಿಯ ಚಿತ್ತಾರ. ಒಂದರಲ್ಲಿ ಹಡಗಿನ ಹೊಟ್ಟೆ, ಒಂದರಲ್ಲಿ ಕಲ್ಲಿನ ಮೆಟ್ಟಿಲು, ಒಂದರಲ್ಲಿ ಇಗರ್ಜಿಯ ಗೋಪುರ, ಇನ್ನೊಂದರಲ್ಲಿ ಕೊಡೆ ಹಿಡಿದು ನಿಂತ ಹೆಂಗಸು. ಎಲ್ಲ ಕೂಡಿಸಿದರೆ ಗೋವೆಯ ಬಂದರು. ಪರಂಗಿಯವರು ನೂರಾರು ವರ್ಷದಿಂದ ಆಳುತ್ತಿರುವ ಊರು, ಅದರ ಸಡಗರವನ್ನೆಲ್ಲ ಯಾರೋ ಬಿಲ್ಲೆಗಿಳಿಸಿದ್ದ. ನೀನು ಒಂದು ಬಿಲ್ಲೆಯನ್ನು ವಲ್ಲಿಯಲ್ಲಿ ಒರೆಸಿ ಬೆಳಕಿಗೆ ಹಿಡಿದೆ. "ಮೇಷ್ಟ್ರೆ, ಇದ್ನ ಬರ್ದೋನು ಕೈಯ ಎತ್ತೇ ಇಲ್ಲ ನೋಡಿ. ಒಂದೇ ಗೆರೆ, ಎಲ್ಲೂ ನಿಂತಿಲ್ಲ," ಎಂದೆ. ನಾನು ಗೆರೆ ನೋಡಲಿಲ್ಲ. ಬಿಲ್ಲೆಯ ಬೆನ್ನಿನ ಮೇಲಿದ್ದ ಅಂಕಿ ನೋಡುತ್ತಿದ್ದೆ.

ಒಂದರಿಂದ ಇಪ್ಪತ್ತನಾಲ್ಕರವರೆಗೆ ಅಂಕಿ. ಅಡ್ಡಕ್ಕೆ ಆರಾರು, ಒಟ್ಟು ನಾಲ್ಕು ವರಸೆ ಎಂದು ಲೆಕ್ಕ ಹಾಕಿ, ಒಂದನೆಯದನ್ನು ಮೇಲ್ತುದಿಗೆ ಇಡು ಎಂದೆ. ನೀನು ಕರಣೆ ಕೆಳಗಿಟ್ಟೆ.

"ಅದ್ಯಾಕ್ ಮೇಷ್ಟ್ರೆ? ಗೋಡೆಯ ಎಲ್ಲಾರ ಮ್ಯಾಲಿಂದ ಕಟ್ಟಾರಾ? ಒಂದ್ನೆ ವರ್ಸೆ ಅಂದ್ರೆ ತಳದ್ದು."

"ಇದು ಗೋಡೆಯಲ್ಲ ಕಣಯ್ಯ, ಚಿತ್ರ. ಪುಸ್ತಕವನ್ನು ಮೇಲಿಂದ ತಾನೆ ಓದೋದು?"

"ಅಂಗಿಟ್ರೆ ನೀರು ಮ್ಯಾಕಾಯ್ತದೆ, ಊರು ಕೆಳೀಕಾಯ್ತದೆ."

"ಆಗಲಿ. ನಮ್ಮ ಕೆರೆ ಎಲ್ಲಿದೆ? ಏರಿಯ ಕೆಳಗೆ ನಿಂತು ನೋಡು, ನೀರು ನಿನ್ನ ತಲೆಗಿಂತ ಮೇಲಿರುತ್ತೆ. ಮೇಲಿದ್ದರೆ ತಾನೆ ತೂಬಿನಿಂದ ಗದ್ದೆಗೆ ಇಳಿಯೋದು? ಸಮುದ್ರ ಅಂದರೆ ಕೆರೆಯ ಅಪ್ಪ."

ಪಟೇಲರು ತಲೆದೂಗಿದರು. "ಮೇಷ್ಟ್ರು ಏಳೋದು ಸರಿ ಕಣ್ಲಾ ತಿಮ್ಮ." ನೀನು ಬಿಲ್ಲೆಗಳನ್ನು ನೆಲದ ಮೇಲೆ ಹರಡಿ ಸುತ್ತ ಒಂದು ಸುತ್ತು ಬಂದೆ. ಹಡಗಿನ ಕಂಬದ ಬುಡ ಇಲ್ಲಿ ಅದೆ, ತಲೆ ಅಲ್ಲಿ ಅದೆ, ಗೆರೆ ಕೂಡಾಕಿಲ್ಲ ಎಂದು ಬೆರಳಿಟ್ಟು ತೋರಿಸಿದೆ. ಪರಂಗಿಯವರ ಚಿತ್ರವೇ ಹಾಗೆ ಎಂದೆ ನಾನು. ಊರಿನ ಹೆಸರು ಬರೆದ ಪಟ್ಟಿ ತೀರಾ ತಳಕ್ಕೆ ಬಂತಲ್ಲ ಎಂದೆ ನೀನು. ಫೋಟೋದ ಕೆಳಗೆ ತಾನೆ ಹೆಸರು ಬರೆಯುವುದು ಎಂದೆ ನಾನು. ನನಗೆ ಉತ್ತರ ಸಿಗದ ಪ್ರಶ್ನೆಯೇ ಇರಲಿಲ್ಲ ಅವತ್ತು! ಇಪ್ಪತ್ತು ವರ್ಷ ಭೂಗೋಳ ಪಾಠ ಮಾಡಿದವನು ಸಮುದ್ರವನ್ನೇ ನೋಡಿಲ್ಲ ಎಂದು ಆ ಜಗುಲಿಯಲ್ಲಿ ಯಾರ ಮುಂದೆ ಹೇಳಲಿ? ಕೊನೆಗೆ ನೀನು, "ಆಯ್ತು ಬುಡಿ, ಓದ್ದೋರು ನೀವು," ಎಂದು ಕರಣೆ ಎತ್ತಿಕೊಂಡೆ.

ಆಮೇಲಿನ ನಾಲ್ಕು ತಿಂಗಳು ನೆನೆದರೆ ಈಗಲೂ ನಗು ಬರುತ್ತದೆ, ನಗುವ ಹಕ್ಕು ನನಗಿಲ್ಲದಿದ್ದರೂ. ಮಳವಳ್ಳಿಯಿಂದ ಜನ ಬಂಡಿ ಕಟ್ಟಿಕೊಂಡು ಗೋವೆ ನೋಡಲು ಬಂದರು. ಪಟೇಲರ ತಾಯಿ ಮಣೆ ಹತ್ತಿ ನಿಂತು ಮೇಲಿನ ವರಸೆಯ ನೀರಿಗೆ ಗಂಗಮ್ಮನೆಂದು ಅರಿಶಿನ ಕುಂಕುಮ ಹಚ್ಚಿದರು. ಕೆಳಗಿನ ಬಿಳಿ ಮೋಡಗಳನ್ನು ನೋಡಿ ಅದು ಹತ್ತಿಯ ಹೊಲ ಎಂದರು ಕೆಲವರು, ಕಾವೇರಿಯ ನೊರೆ ಎಂದರು ಕೆಲವರು. ನಾನು ನಾಲ್ಕನೇ ತರಗತಿಯನ್ನು ಪೂರ್ತಿ ಕರೆದುಕೊಂಡು ಹೋಗಿ, ಕೋಲಿನಿಂದ ತೋರಿಸಿ, "ಬಂದರು ಎಂದರೆ ಇದು ಮಕ್ಕಳೇ, ಬರೆದುಕೊಳ್ಳಿ," ಎಂದಿದ್ದೆ. ಬರೆದುಕೊಂಡವು, ಪಾಪ.

ಶಿವನಸಮುದ್ರದ ಕಡೆ ಕೆಲಸಕ್ಕೆ ಬಂದಿದ್ದ ಕಾರವಾರದ ಓವರ್ಸಿಯರು ಪಟೇಲರ ಮನೆಗೆ ಊಟಕ್ಕೆ ಬಂದ ದಿನ ನೀನು ಹಿತ್ತಿಲಲ್ಲಿ ತೊಟ್ಟಿ ಕಟ್ಟುತ್ತಿದ್ದೆ. ಅವರು ಜಗುಲಿ ಹತ್ತಿದವರೇ ಗೋಡೆ ನೋಡಿ ನಿಂತರು. ಹೊಟ್ಟೆ ಹಿಡಿದುಕೊಂಡು ನಕ್ಕರು. "ಪಟೇಲರೇ, ನಿಮ್ಮ ಗೋವೆಯ ಜನ ಸಮುದ್ರದ ಕೆಳಗೆ ಸಂಸಾರ ಮಾಡುತ್ತಾರಲ್ಲ! ಮನೆಗಳು ಮೋಡದ ಮೇಲೆ ನಿಂತಿವೆ. ಬಿಲ್ಲೆಯ ಬೆನ್ನಿಗೆ ಅಂಕಿ ಹಾಕಿರುತ್ತಾರಲ್ಲ, ಅದು ಗಾರೆಯವನಿಗೋಸ್ಕರ, ತಳದಿಂದ ಎಣಿಸಬೇಕು." ಊಟಕ್ಕೆ ಕರೆದ ಅಷ್ಟೂ ಜನ ನಕ್ಕರು. ಪಟೇಲರ ಮುಖ ಕಪ್ಪಿಟ್ಟಿತು. ನಿನ್ನನ್ನು ಕೂಗಿ ಕರೆಸಿದರು.

"ಲೇ ತಿಮ್ಮ, ತಲೆ ಯಾವುದು ಕಾಲು ಯಾವುದು ಗೊತ್ತಿಲ್ವೇನ್ಲಾ ನಿಂಗೆ? ನಾಕು ಜನದ ಮುಂದೆ ನನ್ನ ಮಾನ ಕಳುದ್ಯಲ್ಲೋ!"

ನಾನು ಕಂಬದ ಪಕ್ಕದಲ್ಲೇ ಇದ್ದೆ, ತಿಮ್ಮಯ್ಯ. ನಾನು ಹೇಳಿದ್ದು ಪಟೇಲರಿಗೇನು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಬಯ್ಯುವುದಕ್ಕೆ ಮೇಷ್ಟ್ರಿಗಿಂತ ಗಾರೆಯವನು ಸಲೀಸು. ನೀನು ಒಂದೇ ಒಂದು ಸಲ ನನ್ನ ಕಡೆ ನೋಡಿದೆ. ಬಾಯಿ ತೆರೆಯಬೇಕೆಂದೇ ಇದ್ದೆ, ಓವರ್ಸಿಯರು ನನ್ನತ್ತ ತಿರುಗಿ, "ಮೇಷ್ಟ್ರೇ, ನೀವಾದರೂ ಊರಲ್ಲಿದ್ದಿರಲ್ಲ, ನೋಡಬಾರದಾಗಿತ್ತೇ?" ಎಂದರು. ನಾನು… ನಾನು ನಕ್ಕುಬಿಟ್ಟೆ. ಅವರ ಜೊತೆ ಸೇರಿ ನಕ್ಕೆ. ನೀನು ಕೈಯ ಸುಣ್ಣ ಒರೆಸಿಕೊಂಡು, "ಕಿತ್ತು ಸರಿಯಾಗ್ ಕೂರುಸ್ತೀನಿ ಬುಡಿ ಗೌಡ್ರೆ," ಎಂದೆ. "ಕಿತ್ರೆ ಒಂದೂ ಉಳಿಯಾಕಿಲ್ಲ, ಇನ್ನು ನನ್ನ ಗೋಡೆ ಮುಟ್ಬೇಡ, ನಡಿ," ಎಂದರು ಪಟೇಲರು. ತೊಟ್ಟಿಯ ಕೆಲಸ ಅರ್ಧಕ್ಕೇ ನಿಂತಿತು.

ಮೂರು ದಿನ ಬಿಟ್ಟು ನೀನು ತಮ್ಮನ ಕಾಗದ ಹಿಡಿದು ಶಾಲೆಗೆ ಬಂದೆ. ಜಗಳಕ್ಕೆ ಬಂದೆ ಎಂದುಕೊಂಡೆ. ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು. ನೀನು ಎಂದಿನ ಜಾಗದಲ್ಲೇ ಕೂತು, ಕೇಳಿ, ಎದ್ದು, "ಬತ್ತೀನಿ ಮೇಷ್ಟ್ರೆ," ಎಂದು ಹೊರಟೆ. ಅಷ್ಟರಲ್ಲಿ ಊರೊಳಗೆ ನಿನಗೆ ಹೊಸ ಹೆಸರು ಬಿದ್ದಿತ್ತು. ತಲೆಕೆಳಗು ತಿಮ್ಮ. ಸುತ್ತ ಹತ್ತು ಹಳ್ಳಿಯ ಪಾಯಕ್ಕೆ ದಾರ ಹಿಡಿದವನನ್ನು ಒಂದು ದನದ ಕೊಟ್ಟಿಗೆ ಕಟ್ಟಲೂ ಯಾರೂ ಕರೆಯದಂತಾಯಿತು. ಮಂಡ್ಯದಲ್ಲಿ ದೊಡ್ಡ ದೊಡ್ಡ ಕಟ್ಟಡ ಏಳುತ್ತಿದ್ದ ಕಾಲ, ನೀನು ಅಲ್ಲಿಗೆ ಹೋದೆ. ಎರಡು ವರ್ಷಕ್ಕೆ ಚಳಿಜ್ವರ ಹಿಡಿದು ಅಲ್ಲೇ ತೀರಿಹೋದೆ. ಆ ಸುದ್ದಿ ಬರೆದ ಕಾಗದವನ್ನು ನಿನ್ನ ಹೆಂಡತಿ ಸಣ್ಣಮ್ಮನಿಗೆ ಓದಿ ಹೇಳಿದವನೂ ನಾನೇ. ಓದುವಾಗ ನನ್ನ ದನಿ ನಡುಗಲಿಲ್ಲ. ಅದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಈ ಯುಗಾದಿ ಕಳೆದ ಮೇಲೆ ನಡೆದದ್ದು ಹೇಳುತ್ತೇನೆ, ಕೇಳು. ನಮ್ಮ ಶಾಲೆಗೆ ಸ್ವಂತ ಕಟ್ಟಡ ಮಂಜೂರಾಯಿತು. ಕೆಲಸ ಯಾರಿಗೆ ಕೊಡುವುದೆಂದು ಪಟೇಲರ ಜಗುಲಿಯಲ್ಲೇ ಪಂಚಾಯ್ತಿ ಸೇರಿತು. ನಿನ್ನ ಮಗ ಕೆಂಪಯ್ಯನೂ ಬಂದಿದ್ದ. ನಿನ್ನಷ್ಟೇ ಕೈ ನೇರ ಅವನದು, ಬಾಯಿ ನಿನಗಿಂತ ಕಡಿಮೆ. ಯಾರೋ, "ಇವ್ನಿಗ್ ಕೊಟ್ರೆ ಎಂಚು ನೆಲಕ್ ಆಕಿ ಪಾಯ ಮ್ಯಾಕ್ ಕಟ್ತಾನೆ," ಎಂದ. ಎಲ್ಲರೂ ಗೊಳ್ಳೆಂದರು. ಕೆಂಪಯ್ಯ ತಲೆ ತಗ್ಗಿಸಿ ಜಗುಲಿಯಿಂದ ಇಳಿಯತೊಡಗಿದ. ನಡವಳಿ ಬರೆಯುತ್ತಿದ್ದವನು ನಾನು. "ತಂದೆಯ ಕೆಲಸ ಸರಿಯಿಲ್ಲದ್ದರಿಂದ ಮಗನಿಗೆ ಬೇಡ ಅಂತ ಬರ್ಕೊಳಿ ಮೇಷ್ಟ್ರೆ," ಎಂದರು ಪಟೇಲರು.

ಲೇಖನಿ ಅದ್ದಿದೆ, ತಿಮ್ಮಯ್ಯ. ತಂದೆಯ ಎಂದು ಬರೆದೂ ಬರೆದೆ. ಮುಂದಿನ ಅಕ್ಷರ ಬರಲಿಲ್ಲ. ಎದ್ದು ನಿಂತು ಹೇಳಿದೆ. ಅಂಕಿ ಓದಿದವನು ನಾನು, ತಿಮ್ಮಯ್ಯ ಬೇಡ ಬೇಡ ಎಂದ, ಅವನಿಗೆ ಕಾಣಿಸಿದ್ದು ನನಗೆ ಕಾಣಿಸಲಿಲ್ಲ, ಕಾಣಿಸಿದ ಮೇಲೂ ಬಾಯಿ ಬಿಡಲಿಲ್ಲ ಎಂದೆ. ಇಷ್ಟನ್ನು ಹೇಳುವುದಕ್ಕೆ ಎಷ್ಟು ಹೊತ್ತು ಬೇಕಾಯಿತು ಅಂತೀಯ? ಒಂದು ಎಲೆ ಅಡಿಕೆ ಜಗಿಯುವಷ್ಟೂ ಇಲ್ಲ. ಇದಕ್ಕಾಗಿ ಮೂರು ವರ್ಷ…

ಪಟೇಲರು ಗೋಡೆಯ ಬಿಲ್ಲೆಗಳ ಕಡೆ ತಿರುಗಿದರು. "ನಂಗೂ ಗೊತ್ತಿತ್ತಲ್ಲ ಮೇಷ್ಟ್ರೆ. ನಾನೂ ತಲೆದೂಗ್ದೋನೇಯ," ಎಂದರು. ಆಮೇಲೆ, "ಸತ್ತೋನ್ತಾವ ಓಗಿ ಏನಂತ ಏಳದು?" ಎಂದು ಕೆಂಪಯ್ಯನನ್ನು ವಾಪಸ್ಸು ಕರೆದರು. ಶಾಲೆಯ ಕೆಲಸ ನಿನ್ನ ಮಗನಿಗಾಯಿತು. ಪಾಯ ಆಗಲೇ ಮೊಳಕಾಲೆತ್ತರ ಬಂದಿದೆ. ಇನ್ನೊಂದು ಸುದ್ದಿ, ಕೇಳಿ ನಕ್ಕುಬಿಡು: ಈಗ ಮಕ್ಕಳು ನನ್ನ ಬೆನ್ನ ಹಿಂದೆ ತಲೆಕೆಳಗು ಮೇಷ್ಟ್ರು ಎನ್ನುತ್ತಾರೆ. ಬೆತ್ತಕ್ಕೆ ಕೈ ಹೋಗುವುದಿಲ್ಲ.

ನಿನ್ನೆ ಬೆಳಿಗ್ಗೆ ಬಿಲ್ಲೆಗಳನ್ನು ಕೀಳಿಸಿದರು ಪಟೇಲರು. ಹೋದರೆ ಹೋಗಲಿ, ಒಡೆದರೆ ಒಡೆಯಲಿ, ಆ ತಪ್ಪು ನನ್ನ ಗೋಡೆಯ ಮೇಲೆ ಬೇಡ ಎಂದರು. ಕೆಂಪಯ್ಯ ಉಳಿ ಹಿಡಿದು ಮೊದಲ ಬಿಲ್ಲೆಯ ಅಂಚು ಕೆರೆದ. ಬಿಲ್ಲೆ ಅವನ ಅಂಗೈಗೆ ಬಂದು ಕೂತಿತು. ಎರಡನೆಯದೂ ಬಂತು. ಇಪ್ಪತ್ತನಾಲ್ಕೂ ಬಂದವು, ಒಂದರ ಮೂಲೆಯೂ ಮುಕ್ಕಾಗಲಿಲ್ಲ. ಹಿಂದೆ ನೋಡಿದರೆ ಬರೀ ಜೇಡಿಮಣ್ಣು, ಗಾರೆ ಅಂಚಿಗಷ್ಟೇ. ಪಕ್ಕದ ಗೋಡೆಗೆ ನೀನು ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕಿ ಅರೆದ ಗಾರೆ ಬಳಿದಿದ್ದೆಯಲ್ಲ, ಅಲ್ಲಿ ಮೊಳೆ ಬಡಿದರೆ ಮೊಳೆ ಬಗ್ಗುತ್ತದೆ. ಬಿಲ್ಲೆಯ ಕೆಳಗೆ ಮಾತ್ರ ಮಣ್ಣು. ಅಪ್ಪ ಯಾಕೆ ಹೀಗೆ ಮಾಡಿದ ಎಂದು ಕೆಂಪಯ್ಯ ನನ್ನನ್ನು ಕೇಳಿದ. ಗಾರೆ ಬಾಣಲಿ ಹಿಡಿದು ನಿಂತಿದ್ದ ಸಣ್ಣಮ್ಮ ಹೇಳಿದಳು:

"ಬಿಲ್ಲೆ ಕೂರ್ಸಿದ್ ದಿವ್ಸ ಮನೆಗ್ ಬಂದು ಕೈ ತೊಳೀತಾ ಅಂದ್ರು. 'ಮೇಷ್ಟ್ರು ತಪ್ಪು ಏಳವ್ರೆ ಕಣಮ್ಮಿ. ಒಂದಿನ ಅವ್ರಿಗೇ ತಿಳೀತದೆ. ತಿಳುದ್ ಮ್ಯಾಲೆ ಸುಮ್ನಿರೋರಲ್ಲ ಅವ್ರು, ಬಂದು, ಕೀಳು ತಿಮ್ಮಯ್ಯ, ತಪ್ಪು ನಂದು ಅಂತಾರೆ. ಆಗ ಕೀಳಾಕ್ ಬರ್ಬೇಕಲ್ಲ? ಅದ್ಕೇ ಮಣ್ಣಲ್ ಕೂರ್ಸಿವ್ನಿ.'"

ನಾನು ಕಂಬ ಹಿಡಿದುಕೊಂಡು ಅತ್ತುಬಿಟ್ಟೆ, ಪಟೇಲರ ಎದುರಿಗೇ. ನನ್ನನ್ನು ಅಷ್ಟು ನಂಬಿದ್ದೆಯಾ ನೀನು? ಕಂಬದ ಪಕ್ಕ ನಿಂತು ನಕ್ಕವನನ್ನು ನೋಡಿದ ಮೇಲೂ, ಕಾಗದ ಹಿಡಿದು ಬಂದು ಕೂತಾಗಲೂ, ಆ ಒಂದು ಮಾತಿಗೆ ಕಾಯುತ್ತಿದ್ದೆಯಾ? ಮಂಡ್ಯಕ್ಕೆ ಹೊರಟ ದಿನವೂ? ಬಿಲ್ಲೆಗಳನ್ನು ಜಗುಲಿಯ ನೆಲದ ಮೇಲೆ ಹರಡಿದ್ದಾರೆ, ನೀರು ಕೆಳಗೆ, ಊರು ಮೇಲೆ. ಕೆಂಪಯ್ಯ ನಾಳೆ ಕೂರಿಸುತ್ತಾನೆ, ಗಟ್ಟಿ ಗಾರೆಯಲ್ಲಿ. ಅದಕ್ಕೆ ಮೊದಲು ನಾನು ಹೇಳಬೇಕಾದ್ದು ಒಂದು ಬಾಕಿ ಇದೆ.

ಕೀಳು ತಿಮ್ಮಯ್ಯ. ತಪ್ಪು ನಂದು.