ನೂರೈವತ್ತರ ಜಾಗಕ್ಕೆ ನೂರು

ಬಸವೇಶ್ವರನಗರ
೧೪-೧೧-೧೯೮೮

ತಮ್ಮ ಮುನಿರಾಜುಗೆ, ನಿನ್ನ ಅಣ್ಣ ವೆಂಕಟಗಿರಿ ಹರಸಿ ಬರೆಯೋದು.

ಕೆಮ್ಮು ಹೇಗಿದೆ? ಕೋಲಾರದಲ್ಲಿ ನಿನ್ನ ಮಾವನ ಮನೇಲಿ ಹಿಟ್ಟಿನ ಧೂಳಿಲ್ಲ, ವಾಸಿಯಾಗಿರಬೇಕು. ನಿನ್ನ ಅತ್ತಿಗೆ ದಿನಾ ಕೇಳ್ತಾಳೆ, ನಾನು ಕೇಳಲ್ಲ.

ಇಲ್ಲಿ ಗಿರಣಿ ನಡೀತಿದೆ. ನೀನು ಗಾಜಿನ ಗೂಡಲ್ಲಿ ಕೂರಿಸಿ ಹೋದ ಕಂಪ್ಯೂಟರಲ್ಲಿ ಜಾತಕ ತೆಗೆಯೋನು ಈಗ ನಾನೇ, ಒಂದೇ ಬೆರಳಲ್ಲಿ. ನನ್ನ ಟೈಪಾದ ಮೇಲೂ, ಒಂದು ಡಬ್ಬ ರಾಗಿ ಬೀಸಿ ಮುಗಿದರೂ ಒಂದು ಜಾತಕ ಮುಗಿಯಲ್ಲ. ಬಸ್ ಸ್ಟಾಪಿನ ಹತ್ತಿರ ಕಂಪ್ಯೂಟರ್ ಜಾತಕದ ಅಂಗಡಿ ಇಟ್ಟಿರೋ ಚಕ್ರಪಾಣಿ, ಬಂದೋರಿಗೆ ಕೊಟ್ಟ ಕಾಫಿ ಆರೋದರೊಳಗೆ ಜಾತಕ ಕೈಗೆ ಕೊಡ್ತಾನಂತೆ. ಯಶೋದಮ್ಮ ಡಬ್ಬ ನಮ್ಮಲ್ಲಿಟ್ಟು ಮಗಳ ಜಾತಕಕ್ಕೆ ಅಲ್ಲಿಗೆ ಹೋದಳು ಕಣೋ, ನನ್ನ ಕಣ್ಣೆದುರಿಗೇ. ನನಗೆ ತಡೀಲಿಲ್ಲ. ಎಸ್.ಪಿ. ರೋಡಿಗೆ ಹೋಗಿ ಹೊಸ ಮೆಮೊರಿ ಚಿಪ್ಪು ತಂದೆ. ಚಿಪ್ಪಿನ ಮೇಲೆ ವೇಗದ ನಂಬರು ಇರುತ್ತಂತೆ, ನ್ಯಾನೋಸೆಕೆಂಡು ಅಂತಾರೆ: ನಮ್ಮದು ನೂರೈವತ್ತರದು, ಇದು ನೂರರದು. ನಂಬರು ಕಡಿಮೆಯಾದಷ್ಟೂ ಚುರುಕಂತೆ. ಕೋಲಾರಕ್ಕೆ ಹೋಗೋ ಮುಂಚೆಯೇ ನೀನು ಇದು ಬೇಡ ಅಂದಿದ್ದೆ. ಚಿಪ್ಪಲ್ಲ, ಚಿಪ್ಪೆಲ್ಲ ಕೂರೋ ಬೋರ್ಡು ಬದಲಾಯಿಸಬೇಕು ಅಂದಿದ್ದೆ. ಚಕ್ರಪಾಣಿ ಕಾಫಿ ಕುಡಿದು ಅವನ ಮಾತು ಆಡ್ತೀಯ ಅಂತ ನಾನು ಬೈದೆ, ನೀನು ಚೀಲ ಎತ್ಕೊಂಡು ಹೊರಟೆ.

ರಿಪೇರಿ ಸೇತುರಾಮ ಬಂದು ಹೊಸ ಚಿಪ್ಪೆಲ್ಲ ಕೂರಿಸಿದ. ಅವನು ಒಂದು ಜಾತಕ ಶುರು ಮಾಡಿದ, ಅದೇ ಹೊತ್ತಿಗೆ ನಾನು ಒಂದು ಡಬ್ಬ ರಾಗಿ ಸುರಿದು ಮೋಟಾರು ಹಾಕಿದೆ. ರಾಗಿ ಮುಗೀತು, ಜಾತಕ ಮುಗೀಲಿಲ್ಲ. ಮೊದಲೆಷ್ಟೋ ಈಗಲೂ ಅಷ್ಟೇ. ಮೋಸ ಅಂತ ನಾನು ರೇಗಿದ್ದಕ್ಕೆ ಅವನು ಬೆಲ್ಟಿನ ಕಡೆ ಕೈ ತೋರಿಸಿದ. “ಯಜಮಾನ್ರೇ, ನೀವು ಎಷ್ಟು ಬೇಗ ಸುರಿದರೂ ಕಲ್ಲು ಅದರ ಓಟಕ್ಕೇ ತಾನೇ ಬೀಸೋದು? ಲೆಕ್ಕ ಹಾಕೋ ಪ್ರೊಸೆಸರ್ರು ಕಲ್ಲು, ಅದನ್ನ ಓಡಿಸೋ ಬೋರ್ಡು ಬೆಲ್ಟು. ಅವೆರಡೂ ಕೇಳಿದಾಗಷ್ಟೇ ಮೆಮೊರಿ ಕೊಡುತ್ತೆ. ಚಿಪ್ಪು ಪಾಪ ಸುಮ್ನೆ ಕಾಯ್ತಾ ಕೂತಿರುತ್ತೆ.” ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಸಾಕಿದೋನಿಗೂ ಅರ್ಥವಾಯ್ತು. ಇಪ್ಪತ್ತು ವರ್ಷ ಕಲ್ಲಿನ ಪಕ್ಕ ನಿಂತೋನು ನಾನು, ಇದನ್ನ ಬೇರೆಯವನ ಬಾಯಲ್ಲಿ ಕೇಳಬೇಕಾಯ್ತು. ನೀನೇ ಹೀಗೆ ಬಿಡಿಸಿ ಹೇಳಿದ್ದರೆ ಕೇಳ್ತಿದ್ದೆನೇನೋ. ಇಲ್ಲ, ಕೇಳ್ತಿರಲಿಲ್ಲ.

ನಿನ್ನ ಮಾವನವರಿಗೆ ನಮಸ್ಕಾರ ತಿಳಿಸು. ಮಗೂಗೆ ಮುತ್ತು.

ನಿನ್ನ ಅಣ್ಣ,
ವೆಂಕಟಗಿರಿ

ಮರೆತಿದ್ದೆ: ಚಕ್ರಪಾಣಿ ನಿನ್ನ ವಿಳಾಸ ಕೇಳಿದ, ಅವನ ಕಂಪ್ಯೂಟರಿಗೆ ಆಳು ಬೇಕಂತೆ. ಗೊತ್ತಿಲ್ಲ ಅಂದೆ. ಬೋರ್ಡು ಬದಲಾಯಿಸೋಣ, ಯಾವುದು ಅಂತ ನೀನೇ ಹೇಳು. ಭಾನುವಾರ ಬಾ. ಹಿಂದಿನ ಸ್ಟಾಪಲ್ಲೇ ಇಳಿ, ಅವನ ಅಂಗಡಿ ಮುಂದೆ ಹಾಯಬೇಡ. ನಾನು ಅಲ್ಲಿ ನಿಂತಿರ್ತೀನಿ.