ಎಡಗೆನ್ನೆಯ ಬಂಗು

ಮಾರ್ಚ್ 3, ಬೆಳಗ್ಗೆ
ಮುಖ ತೊಳೆದಾಯಿತು. ಬಲಗೆನ್ನೆ ಚೊಕ್ಕ. ಎಡಗೆನ್ನೆಯ ಬಂಗು ಮಾತ್ರ ಇದ್ದಲ್ಲೇ ಇದೆ, ಜಪ್ಪಯ್ಯ ಅಂದರೂ ಕದಲುವುದಿಲ್ಲ. ನಿಂಬೆರಸ, ಅಲೊವೆರಾ, ಸ್ಕ್ರಬ್... ಎಲ್ಲ ಆಯಿತು. ಉಜ್ಜಿದಷ್ಟೂ ಕಪ್ಪು. ಡ್ರೈವಿಂಗ್ ಸ್ಕೂಲಲ್ಲಿ ಕಲಿಸುವವಳು ನಾನು. ‘ಎಡಗಡೆ ಕನ್ನಡಿ ನೋಡಿ’ ಎಂದು ಅವರತ್ತ ತಿರುಗಿದರೆ ಕಲಿಯುವವರ ಕಣ್ಣು ನನ್ನ ಕೆನ್ನೆಯಲ್ಲೇ ಇಳಿದುಬಿಡುತ್ತದೆ. ಸಾಕಾಗಿಹೋಗಿದೆ.

ಮಾರ್ಚ್ 9
ನಾದಿನಿ ಒಂದು ಟ್ಯೂಬ್ ತಂದುಕೊಟ್ಟಳು. “ಹಚ್ಕೊಂಡು ನೋಡಿ ಅತ್ತಿಗೆ, ಎಲ್ರೂ ಹಚ್ತಾರೆ.” ಎಲ್ಲರೂ ಅಂದರೆ ಯಾರು ಎಂದು ಕೇಳಲಿಲ್ಲ. ಕೇಳಬೇಕಿತ್ತು.

ಮಾರ್ಚ್ 20
ತಿಳಿಯಾಗುತ್ತಿದೆ! ಇವರು ತಿಂಡಿ ಬಿಟ್ಟು ತಿರುಗಿ ನೋಡಿದರು. ಮದುವೆಯಾದ ಹೊಸದರಲ್ಲಿ ನೋಡಿದ್ದೇ ಕೊನೆ.

ಏಪ್ರಿಲ್ 11, ಸಂಜೆ
ಟ್ಯೂಬ್ ಮುಗಿಯಿತು. ನಿಲ್ಲಿಸಿದ್ದೇ ತಡ, ಮುಖ ಕೆಂಪು, ಉರಿ. ಬಂಗು ಮೊದಲಿಗಿಂತ ಗಾಢ. ಅತ್ತುಬಿಟ್ಟೆ. ಕೊನೆಗೂ ಖಾಲಿ ಟ್ಯೂಬ್ ಹಿಡಿದು ಚರ್ಮದ ಡಾಕ್ಟರ ಹತ್ತಿರ ಹೋದೆ.
“ಇದ್ರಲ್ಲಿ ಸ್ಟೀರಾಯ್ಡ್ ಇದೆ ಕಣಮ್ಮಾ. ಕೆಲಸ ಏನು ಮಾಡ್ತೀರ?”
“ಕಾರು ಕಲಿಸ್ತೀನಿ.”
“ಕೂರೋದು ಎಡಗಡೆ ಸೀಟಲ್ಲಿ, ಕಿಟಕಿ ಪಕ್ಕ. ಸನ್‌ಸ್ಕ್ರೀನ್?”
“ಹೊರಗೆ ಓಡಾಡೋವಾಗ ಹಚ್ತೀನಿ. ಕಾರಲ್ಲಿ ಗಾಜು ಏರಿಸಿರ್ತೀನಲ್ಲ ಡಾಕ್ಟ್ರೇ.”
“ಗಾಜಿನ ಒಳಗೂ ಬರತ್ತೆ ಬಿಸಿಲು.”
ಇಷ್ಟು ವರ್ಷ ಕಾರಿನ ಒಳಗಿದ್ದರೆ ಮನೆಯೊಳಗಿದ್ದ ಹಾಗೆ ಎಂದುಕೊಂಡಿದ್ದೆ. ಪೆದ್ದಿ.
ಇನ್ನು ಉಜ್ಜುವಂತಿಲ್ಲ, ನಿಂಬೆ ಮುಟ್ಟುವಂತಿಲ್ಲ. ಬೆಳಗ್ಗೆ ಬಣ್ಣವಿರುವ ಸನ್‌ಸ್ಕ್ರೀನ್, ಬಿಸಿಲಲ್ಲಿದ್ದಷ್ಟು ಹೊತ್ತು ಮತ್ತೆ ಮತ್ತೆ. ಉರಿ ಇಳಿದ ಮೇಲೆ ರಾತ್ರಿಗೆ ಅವರು ಬರೆದುಕೊಟ್ಟ ಕ್ರೀಮ್. “ಪೂರ್ತಿ ಹೋಗತ್ತೆ ಅಂತ ನಾನು ಹೇಳಲ್ಲ. ಮಸುಕಾಗತ್ತೆ. ತಿಂಗಳುಗಟ್ಟಲೆ ತಾಳ್ಮೆ ಬೇಕು.”
ತಾಳ್ಮೆಯಂತೆ. ಕ್ಲಚ್ ಬಿಡಲು ಬಾರದವರ ಪಕ್ಕ ಕೂತು ದಿನವೆಲ್ಲ ಅದನ್ನೇ ಖರ್ಚು ಮಾಡಿ ಬರುತ್ತೇನೆ. ಮನೆಗೆ ಉಳಿಯುವುದೆಲ್ಲಿ?

ಏಪ್ರಿಲ್ 24

ನನ್ನ ಕಿಟಕಿಗೆ ಟವೆಲ್ ಸಿಕ್ಕಿಸಿ ಗಾಜು ಏರಿಸಿಕೊಂಡಿದ್ದೆ, ನಾಲ್ಕು ದಿನದಿಂದ. ನರ್ಸಮ್ಮ — ರಿಟೈರಾದ ಮೇಲೆ ಕಲಿಯಲು ಬಂದವರು — ಕನ್ನಡಿ ಕಾಣಲ್ಲ ಎಂದು ನಿನ್ನೆಯೂ ಹೇಳಿದ್ದರು. “ಎಡಗಡೆ ನಾನು ನೋಡ್ಕೋತೀನಿ, ನೀವು ಮುಂದೆ ನೋಡಿ” ಎಂದು ಗದರಿದ್ದೆ. ಇವತ್ತು ಎಡಕ್ಕೆ ತಿರುಗುವಾಗ ನಾನೂ ನೋಡಲಿಲ್ಲ. ಪಕ್ಕದಲ್ಲೇ ಸೈಕಲ್. ನನ್ನ ಕಡೆಯ ಬ್ರೇಕ್ ತುಳಿದೆ. ಹುಡುಗಿ ಫುಟ್‌ಪಾತಿಗೆ ಬಿದ್ದಳು. ಮೊಣಕೈ ತರಚಿತು, ಅಷ್ಟೇ. ಅಷ್ಟೇ ಎಂದು ಬರೆಯಲೂ ಭಯ.
ನರ್ಸಮ್ಮ ಇಳಿದು ಅವಳ ಗಾಯ ಒರೆಸಿದರು. ನನಗೆ ಹೇಳಿದ್ದು ಒಂದೇ ಮಾತು. “ಅದನ್ನ ತೆಗೀರಿ ಮೇಡಂ.”

ಏಪ್ರಿಲ್ 25
ಸ್ಕೂಲಿನ ಯಜಮಾನರು ಕೂಗಾಡಲಿಲ್ಲ. ಅದೇ ಹೆಚ್ಚು ಚುಚ್ಚಿತು. “ಸೋಮವಾರದಿಂದ ನೀವು ಒಳಗೆ ರಸ್ತೆ ಚಿಹ್ನೆ ಪಾಠ ಮಾಡಿ. ನೆರಳಲ್ಲಿ ಇರ್ತೀರ, ನಿಮ್ಮ ಮುಖಕ್ಕೂ ಒಳ್ಳೇದು.” ನನ್ನ ಸೀಟಿಗೆ ಅವರ ಭಾವಮೈದ. ತಲೆ ಅಲ್ಲಾಡಿಸಿ ಬಂದೆ. ಯಾವ ಮುಖ ಇಟ್ಟುಕೊಂಡು ವಾದಿಸಲಿ.

ಜುಲೈ 12
ಬಂಗು ಮಸುಕಾಗಿದೆ. ನಿಜವಾಗಿಯೂ. ಅಂಚು ಎಲ್ಲಿದೆ ಎಂದು ಹುಡುಕಬೇಕು. ಇವರು “ಪರವಾಗಿಲ್ವೇ” ಅಂದರು. ನಾನು ರೇಗಿದೆ. ಪಾಪ, ಅವರ ತಪ್ಪೇನಿದೆ? ಬೋರ್ಡಿನ ಮೇಲೆ ಬಾಣ ಬರೆದು ಬರೆದು ತಲೆ ಕೆಟ್ಟಿದೆ. ಬೇಕಾಗಿದ್ದು ಸಿಕ್ಕಿತು, ಸಂತೋಷ ಮಾತ್ರ ಇಲ್ಲ.

ಜುಲೈ 15, ಮಧ್ಯಾಹ್ನ
ಗೇಟಿನಲ್ಲಿ ನರ್ಸಮ್ಮನ ಗಾಡಿ ಆಫ್ ಆಯಿತು. ಭಾವಮೈದನ ಕೂಗು ಕ್ಲಾಸಿನ ಒಳಗೂ ಕೇಳಿಸಿತು. “ಈ ವಯಸ್ಸಲ್ಲಿ ಯಾಕ್ರೀ ನಿಮಗಿದು?” ಅವರು ಬ್ಯಾಗ್ ಎತ್ತಿಕೊಂಡು ಇಳಿದರು. ಕ್ಲಾಸಿನ ಕಿಟಕಿಯ ಹತ್ತಿರ ಬಂದರು. “ನೀವೂ ಗದರ್ತಿದ್ರಿ. ಆದ್ರೆ ನಾನು ಕಲೀತೀನಿ ಅಂತ ನಂಬಿದ್ರಿ. ನಾಳೆಯಿಂದ ಬರಲ್ಲ ಮೇಡಂ.”
ಚಾಕ್ ಇಟ್ಟು ನೇರ ಯಜಮಾನರ ರೂಮಿಗೆ ಹೋದೆ.
“ನನ್ನ ಸೀಟು ವಾಪಸ್ ಕೊಡಿ. ಟವೆಲ್ ಕಟ್ಟಲ್ಲ.”
“ಮುಖ ಮತ್ತೆ ಕಪ್ಪಾದ್ರೆ?”
“ಆಗ್ಲಿ.”
ಹೇಳಿಬಿಟ್ಟೆ. ಮೆಟ್ಟಿಲಿಳಿಯುವಾಗ ಮುಟ್ಟಿ ನೋಡಿಕೊಂಡೆ. ಮೂರು ತಿಂಗಳು ಕಾಪಾಡಿದ ಕೆನ್ನೆ.

ಆಗಸ್ಟ್ 2, ಸಂಜೆ
ಸೀಟು ವಾಪಸ್ ಸಿಕ್ಕಿದೆ, ನರ್ಸಮ್ಮನೂ ಮತ್ತೆ ಬರುತ್ತಿದ್ದಾರೆ. ಪಾಠದ ನಡುವೆ ಮರದ ಕೆಳಗೆ ಗಾಡಿ ನಿಲ್ಲಿಸಿ ಸನ್‌ಸ್ಕ್ರೀನ್ ಹಚ್ಚಿಕೊಳ್ಳುತ್ತೇನೆ. ನರ್ಸಮ್ಮ ಕಾಯುತ್ತಾರೆ, ಕಿವಿಯ ಹತ್ತಿರ ಬಿಟ್ಟುಹೋಗಿದ್ದರೆ ತೋರಿಸುತ್ತಾರೆ. ಆದರೂ ಬಂಗು ಸ್ವಲ್ಪ ಏರಿದೆ ಅನಿಸುತ್ತದೆ. ಅಥವಾ ಬೆಳಕಿನ ಆಟವೋ. ಇವರ ಮುಂದೆ ಹೋಗಿ ಕೆನ್ನೆ ತೋರಿಸಿ ಕೇಳಿದೆ.
“ನಿಜ ಹೇಳ್ಲಾ?” ಅಂದರು.
ಬೇಡ ಅಂದೆ. ನಾಳೆ ನರ್ಸಮ್ಮನಿಗೆ ರಿವರ್ಸ್ ಕಲಿಸಬೇಕು, ಮಾರುಕಟ್ಟೆ ಹಿಂದಿನ ಸಣ್ಣ ರಸ್ತೆಯಲ್ಲಿ, ಬಿಸಿಲು ಏರುವ ಮೊದಲು ಹೊರಟರೆ —