ಏಳು ಸುಳ್ಳು ಚೀಟಿ, ಒಂದು ಮುರಿದ ಆಣೆ

ಲೆಂಕಾ, ನನ್ನ ಕಂದಾ,

ನಾನು ಬಾಯಿ ತೆರೆದರೆ ನೀನು ಗೋಡೆ ಕಡೆ ತಿರುಗಿ ಮಲಗುತ್ತೀಯ. ಅದಕ್ಕೇ ಈ ಕಾಗದ. ಮಂಗಳವಾರ ಮಧ್ಯಾಹ್ನ, ಸಲೂನಿನ ಬಾಗಿಲು ಹಾಕಿ, ಗಿರಾಕಿಗಳ ಕುರ್ಚಿಯಲ್ಲೇ ಕುಳಿತು ಬರೆಯುತ್ತಿದ್ದೇನೆ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ, ಮೊದಲೇ ವಿಷಯ ಹೇಳಿಬಿಡುತ್ತೇನೆ. ನಾಳೆ ಬೆಳಿಗ್ಗೆ ಎಂಟಕ್ಕೆ ನಾವು ಚಾಚಾಕ್ ಪಟ್ಟಣದ ಆಸ್ಪತ್ರೆಗೆ ಹೊರಡುತ್ತೇವೆ. ಅಲ್ಲಿ ಹತ್ತು ಗಂಟೆಗೆ ಮಕ್ಕಳ ಮನಸ್ಸಿನ ಡಾಕ್ಟರೊಬ್ಬರು ನಿನ್ನನ್ನು ನೋಡುತ್ತಾರೆ. ಭಾನುವಾರ ನೀನು ನನ್ನಿಂದ ಹಾಕಿಸಿಕೊಂಡ ಆಣೆಯನ್ನು ನಾನು ಸೋಮವಾರವೇ ಮುರಿದೆ. ಗೊತ್ತಿದ್ದೇ ಮುರಿದೆ. ಪೂರ್ತಿ ಓದು, ಆಮೇಲೆ ಬೈಯಿ.

ಹೋದ ವರ್ಷ ನೀನು ನಮ್ಮನ್ನು ಆಟ ಆಡಿಸಿದ್ದು ನೆನಪಿದೆಯಾ? ಹಣೆಯ ಮೇಲೆ ಕೂದಲು ಕತ್ತರಿಸು ಎಂದು ಮೂರು ದಿನ ಕಾಡಿದೆ. ಕತ್ತರಿಸಿದ ಮೇಲೆ ಕನ್ನಡಿ ನೋಡಿ, ನನ್ನ ಬಾಳೇ ಹಾಳಾಯಿತು ಎಂದು ಅತ್ತೆ. ಸಂಜೆ ಅದೇ ಕೂದಲನ್ನು ಬಾಚಿಕೊಂಡು, ಫೋಟೋ ತೆಗಿ ಅಮ್ಮಾ ಎಂದು ಬಂದು ನಿಂತೆ. ಬಾಗಿಲನ್ನು ನೀನು ಬಡಿಯುವ ರಭಸಕ್ಕೆ ಚೌಕಟ್ಟಿನ ಪಕ್ಕದ ಗಾರೆ ಉದುರಿತ್ತು. ನಿನ್ನ ಅಪ್ಪ ಅದನ್ನು ಮೆತ್ತುತ್ತಾ, "ಈ ಬಾಗಿಲಿಗೂ ಹದಿನಾಲ್ಕು ತುಂಬ್ತು ಅಂತ ಕಾಣುತ್ತೆ" ಅಂದಿದ್ದರು. ಬೆಳಿಗ್ಗೆ ಸಿಡಿಲು, ಮಧ್ಯಾಹ್ನ ಬಿಸಿಲು, ಊಟದ ಹೊತ್ತಿಗೆ ಮತ್ತೆ ಮೋಡ. ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು, ಆದರೆ ಭಯವಾಗಿರಲಿಲ್ಲ. ಆ ವಯಸ್ಸೇ ಹಾಗೆ. ನಾನೂ ನನ್ನ ಅಮ್ಮನ ಮೇಲೆ ಚಪ್ಪಲಿ ಎಸೆದವಳೇ.

ಈ ಸೆಪ್ಟೆಂಬರಿನಲ್ಲಿ ನೀನು ಹೈಸ್ಕೂಲಿಗೆ ಸೇರಿದೆ. ಬಾಗಿಲಿನ ಸದ್ದು ನಿಂತಿತು. ಫೋನು ಇಡು ಎಂದರೆ ಇಡುತ್ತಿದ್ದೆ. ಜಗಳವಿಲ್ಲ, ವಾದವಿಲ್ಲ, ಅಳುವೂ ಇಲ್ಲ. ಅಂಗಳದಲ್ಲಿ ಐವಾರ್ ಚಟ್ನಿಗೆಂದು ಕೆಂಪು ಮೆಣಸಿನಕಾಯಿ ಸುಟ್ಟ ದಿನ ನೀನು ಕೆಳಗೇ ಇಳಿಯಲಿಲ್ಲ. ಪ್ರತಿ ವರ್ಷ ಕಡಾಯಿಯ ಮೊದಲ ಚಮಚ ನಿನ್ನದೇ ಎಂದು ಹಟ ಹಿಡಿಯುತ್ತಿದ್ದವಳು ನೀನು. ಕುಣಿತದ ತಂಡಕ್ಕೆ ಕಸೂತಿಯ ಲಂಗವನ್ನು ಇಸ್ತ್ರಿ ಮಾಡಿ ವಾಪಸು ಕೊಟ್ಟು ಬಂದೆ. ಏಕೆ ಎಂದು ಕೇಳಿದ್ದಕ್ಕೆ ಸುಮ್ಮನೆ ಎಂದೆ, ನಾನೂ ಸುಮ್ಮನಾದೆ. ಅಷ್ಟೇ ಅಲ್ಲ, ಇದೇ ಕುರ್ಚಿಯಲ್ಲಿ ಕೂತ ಹೆಂಗಸರ ಮುಂದೆ, ನಮ್ಮ ಲೆಂಕಾಗೆ ಬುದ್ಧಿ ಬಂತು ನೋಡಿ ಎಂದು ಜಂಬ ಕೊಚ್ಚಿಕೊಂಡೆ. ಊರಿನ ಹೆಂಗಸರ ಮಕ್ಕಳ ಬಗ್ಗೆ ಬಿಟ್ಟಿ ಸಲಹೆ ಕೊಡುವ ಮಿರ್ಯಾನಾ ನಾನು! ದೀಪದ ಬುಡದಲ್ಲೇ ಕತ್ತಲೆ.

ಆಮೇಲೆ ನೀನು ಬೆಳಿಗ್ಗೆ ಏಳುವುದನ್ನು ನಿಲ್ಲಿಸಿದೆ. ಮೊದಲ ದಿನ ತಲೆನೋವು ಎಂದೆ. ಅಜ್ಜಿ ಮೇಲಿನಿಂದ ಇಳಿದು ಬಂದು ತಕ್ಷಣ ರೋಗ ಕಂಡುಹಿಡಿದರು: ಎದುರುಬದುರು ಕಿಟಕಿ ತೆರೆದಿದ್ದೀರಿ, ಒದ್ದೆ ತಲೆಗೆ ಗಾಳಿ ಹೊಡೆದಿದೆ. ನಿನ್ನ ತಲೆ ಒದ್ದೆಯಾಗಿ ವಾರವಾಗಿತ್ತು, ಅದನ್ನು ಯಾರೂ ಗಮನಿಸಲಿಲ್ಲ. ಅಜ್ಜಿ ಕಿಟಕಿ ಮುಚ್ಚಿದರು. ನಾನು ಝಾಕ್ಲಿನಾಗೆ ಫೋನು ಮಾಡಿದೆ.

ಅಲ್ಲೇ ನನ್ನ ತಪ್ಪು ಶುರುವಾಯಿತು. ಕಾರಣವಿಲ್ಲದ ಗೈರುಹಾಜರಿ ಹೆಚ್ಚಿದರೆ ಶಾಲೆಯಲ್ಲಿ ನಡತೆಯ ಅಂಕ ಇಳಿಸುತ್ತಾರೆ. ಆರೋಗ್ಯ ಕೇಂದ್ರದ ಚೀಟಿ ಇದ್ದರೆ ಯಾರೂ ಮಾತನಾಡುವುದಿಲ್ಲ. ನನ್ನ ಚಿಕ್ಕಪ್ಪನ ಮಗಳು ಝಾಕ್ಲಿನಾ ಅಲ್ಲಿ ನರ್ಸು. ನಮ್ಮಲ್ಲಿ ಗುರುತಿನವರಿದ್ದರೆ ಯಾವ ಕೆಲಸ ನಿಂತೀತು? ನಾನು ಅವಳ ಕೂದಲಿಗೆ ಬಣ್ಣ ಹಚ್ಚಿದೆ, ಅವಳು ಡಾಕ್ಟರು ಸಹಿ ಮಾಡುವ ಕಾಗದಗಳ ನಡುವೆ ನಿನ್ನ ಚೀಟಿ ತೂರಿಸಿದಳು. ಮೊದಲು ವೈರಸ್ ಜ್ವರ. ಆಮೇಲೆ ಸೈನಸ್. ಆಮೇಲೆ ಹೊಟ್ಟೆ. ಒಮ್ಮೆ ಎಡಗಾಲು ಉಳುಕಿತು, ಮೂರು ವಾರ ಬಿಟ್ಟು ಬಲಗಾಲು. ಒಟ್ಟು ಏಳು ಚೀಟಿ. ನಿನ್ನ ಮೈಯಲ್ಲಿ ಇಲ್ಲದ ರೋಗಗಳನ್ನೆಲ್ಲ ನಾವಿಬ್ಬರೂ ಜಾಣತನದಿಂದ ಬರೆಸಿದೆವು. ಇದ್ದ ಒಂದನ್ನು ಮಾತ್ರ ಬರೆಸಲಿಲ್ಲ. ಮಗಳನ್ನು ಕಾಪಾಡುತ್ತಿದ್ದೇನೆ ಎಂದೇ ನಾನು ತಿಳಿದಿದ್ದೆ. ನಿನಗೆ ಸಹಾಯ ಮಾಡಬಹುದಾಗಿದ್ದವರ ಕಣ್ಣಿಗೆಲ್ಲ ನಾನೇ ಮಣ್ಣೆರಚುತ್ತಿದ್ದೆ.

ಒಬ್ಬರು ಮಾತ್ರ ಮೋಸಹೋಗಲಿಲ್ಲ. ನಿಮ್ಮ ಶಾಲೆಯ ಮನಶ್ಶಾಸ್ತ್ರಜ್ಞೆ ತಮಾರಾ ಹೋದ ಬುಧವಾರ ನನ್ನನ್ನು ಕರೆಸಿದರು. ಏಳೂ ಚೀಟಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಮೆಲ್ಲಗೆ ಕೇಳಿದರು: "ಈ ಹುಡುಗಿ ಕುಂಟೋದನ್ನ ನಾನು ಒಂದಿನಾನೂ ನೋಡಿಲ್ಲ. ಆದ್ರೆ ಬಿಡುವಿನ ಹೊತ್ತಲ್ಲಿ ಮೆಟ್ಟಿಲ ಮೇಲೆ ಒಬ್ಬಳೇ ಕೂತಿರೋದನ್ನ ದಿನಾ ನೋಡ್ತೀನಿ. ನೀವು ಏನು ನೋಡ್ತಿದೀರಿ, ಹೇಳಿ?" ನಾನು ಉರಿದುಬಿದ್ದೆ. ನನ್ನ ಮನೆಯ ವಿಷಯ ನನಗೆ ಗೊತ್ತು ಎಂದು ಕೋಟು ಎತ್ತಿಕೊಂಡು ಎದ್ದು ಬಂದೆ. ಹೆಗಲು ಮುಟ್ಟಿ ನೋಡಿಕೊಂಡ ಕುಂಬಳಕಾಯಿ ಕಳ್ಳಿ ನಾನು.

ಆದರೂ ಆ ಪ್ರಶ್ನೆ ಬಿಡಲಿಲ್ಲ. ನಾಲ್ಕು ದಿನ ನಿನ್ನನ್ನು ನೋಡಿದೆ, ನಿಜವಾಗಿ ನೋಡಿದೆ. ತಟ್ಟೆಯಲ್ಲಿ ಊಟವನ್ನು ಅತ್ತಿಂದಿತ್ತ ಸರಿಸುತ್ತಿದ್ದೆ. ಗೆಳತಿ ಬಾಗಿಲಿಗೆ ಬಂದರೆ ಮನೆಯಲ್ಲಿಲ್ಲ ಎಂದು ಹೇಳಿಸುತ್ತಿದ್ದೆ. ಭಾನುವಾರ ಸಲೂನಿಗೆ ರಜೆ. ಕೆಳಗೆ ಬಾ, ತಲೆ ತೊಳೆಯುತ್ತೇನೆ ಎಂದೆ. ಬೇಡ ಎನ್ನುವಷ್ಟು ಶಕ್ತಿಯೂ ಇಲ್ಲದವಳಂತೆ ಬಂದು ಕೂತೆ. ಬೇರೆಯವರ ತಲೆ ತೊಳೆದೇ ಈ ಮನೆ ನಡೆಸಿದವಳು ನಾನು, ನನ್ನ ಮಗಳ ಕೂದಲು ಹನ್ನೆರಡು ದಿನದಿಂದ ನೀರು ಕಂಡಿರಲಿಲ್ಲ. ಬಿಸಿನೀರು ಬಿಡುತ್ತಾ ನಾನು ಏನೂ ಕೇಳಲಿಲ್ಲ. ನೀನೇ, ಕಣ್ಣು ಮುಚ್ಚಿಕೊಂಡು ಹೇಳಿದೆ:

"ಸಾಯ್ಬೇಕು ಅಂತ ಅಲ್ಲಮ್ಮ. ಬೆಳಿಗ್ಗೆ ಎಚ್ಚರ ಆಗದೇ ಇದ್ರೆ ಚೆನ್ನಾಗಿತ್ತು ಅನ್ಸುತ್ತೆ. ದಿನಾ ಅನ್ಸುತ್ತೆ."

ನನ್ನ ಕೈ ನಿಲ್ಲಲಿಲ್ಲ. ನಿಂತರೆ ನೀನು ಮಾತು ನಿಲ್ಲಿಸುತ್ತೀಯ ಎಂಬ ಭಯ. ಯಾರಿಗೂ ಹೇಳಬಾರದು, ಅಪ್ಪನಿಗೂ ಹೇಳಬಾರದು, ಆಣೆ ಹಾಕು ಎಂದು ನೀನು ಕೇಳಿದೆ. ನಾನು ನೊರೆಗೈಯಲ್ಲೇ ನನ್ನ ಅಮ್ಮನ ಸಮಾಧಿಯ ಮೇಲೆ ಆಣೆ ಹಾಕಿದೆ. ಆ ಗಳಿಗೆಯಲ್ಲಿ ನೀನು ಕೇಳಿದ್ದರೆ ಏನನ್ನಾದರೂ ಕೊಟ್ಟುಬಿಡುತ್ತಿದ್ದೆ.

ಸೋಮವಾರ ಆರೋಗ್ಯ ಕೇಂದ್ರಕ್ಕೆ ಹೋದೆ. ಎಂಟನೆಯ ಚೀಟಿಗೆ ಬಂದಳೆಂದು ಝಾಕ್ಲಿನಾ ಪೆನ್ನು ತೆಗೆದಳು. ಡಾಕ್ಟರನ್ನೇ ನೋಡಬೇಕು, ನಿಜ ಹೇಳಬೇಕು ಎಂದೆ. ಅವಳು ನನ್ನನ್ನು ಮೂಲೆಗೆ ಎಳೆದು ಪಿಸುಗುಟ್ಟಿದಳು: "ತಲೆ ಕೆಟ್ಟಿದೆಯೇನೇ ನಿಂಗೆ? ಒಂದ್ಸಲ ದಾಖಲೆಗೆ ಬಿತ್ತು ಅಂದ್ರೆ ಮುಗೀತು. ನಾಳೆ ಕೆಲಸ ಯಾರು ಕೊಡ್ತಾರೆ, ಮದ್ವೆ ಯಾರು ಆಗ್ತಾರೆ? ವಯಸ್ಸು ಕಣೆ, ತಾನಾಗೇ ಸರಿಹೋಗುತ್ತೆ." ಅವಳು ಕೆಟ್ಟವಳಲ್ಲ ಲೆಂಕಾ. ಹೋದ ತಿಂಗಳು ನಾನೂ ಇದನ್ನೇ ಹೇಳುತ್ತಿದ್ದೆ. ಮದುವೆಗೆ ಮೊದಲು ನನ್ನ ಮಗಳು ಬೆಳಿಗ್ಗೆ ಏಳಬೇಕಲ್ಲ ಎಂದು ಹೇಳಿ ಒಳಗೆ ಹೋದೆ.

ಡಾಕ್ಟರು ಏಳು ಚೀಟಿಯ ಕಥೆ ಕೇಳಿ ನನ್ನನ್ನು ಚೆನ್ನಾಗಿಯೇ ಬೈದರು, ತಮ್ಮ ಸಹಿಗೆ ತಮ್ಮನ್ನೂ ಬೈದುಕೊಂಡರು. ಆಮೇಲೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಎಲ್ಲ ಕೇಳಿದರು. ಎಷ್ಟು ದಿನದಿಂದ, ನಿದ್ದೆ ಹೇಗೆ, ಊಟ ಹೇಗೆ, ನೀನು ಇಷ್ಟಪಡುತ್ತಿದ್ದುದರಲ್ಲಿ ಏನೇನು ಬಿಟ್ಟೆ. ಬೆಳಿಗ್ಗೆ ಅತ್ತು ಸಂಜೆ ನಗುವ ಮಕ್ಕಳ ಬಗ್ಗೆ ತಮಗೆ ಚಿಂತೆಯಿಲ್ಲವಂತೆ. ಎರಡು ವಾರವಾದರೂ ಮನಸ್ಸು ಮೇಲಕ್ಕೆ ಏಳದಿದ್ದರೆ, ಇಷ್ಟದ್ದನ್ನೆಲ್ಲ ಕೈಬಿಟ್ಟರೆ, ಆಗ ಕಾಯಬಾರದಂತೆ. ಇನ್ನು ಎಚ್ಚರವಾಗದಿದ್ದರೆ ಚೆನ್ನಾಗಿತ್ತು ಎಂದು ಮಗು ಹೇಳಿದರೆ, ಅದನ್ನು ಅವತ್ತೇ ಡಾಕ್ಟರಿಗೆ ತಿಳಿಸಬೇಕು ಎಂದರು. ನನ್ನೆದುರೇ ಚಾಚಾಕಿಗೆ ಫೋನು ಮಾಡಿ ನಾಳೆಯ ಸಮಯ ಗೊತ್ತುಮಾಡಿದರು. ಅಲ್ಲಿಯವರೆಗೆ ಒಬ್ಬಳನ್ನೇ ಬಿಡಬೇಡಿ, ಹೆಚ್ಚು ಕಡಿಮೆ ಅನ್ನಿಸಿದರೆ ಹೊತ್ತು ನೋಡದೆ ನೇರ ತುರ್ತು ವಿಭಾಗಕ್ಕೆ ಬನ್ನಿ ಎಂದರು. ಅಜ್ಜಿಯ ಮಾತ್ರೆ ಡಬ್ಬಿ ಈಗ ಸಲೂನಿನ ಕಪಾಟಿನಲ್ಲಿದೆ, ಬೀಗದ ಕೈ ನನ್ನ ಕೊರಳಲ್ಲಿದೆ. ನಿನ್ನೆಯಿಂದ ನಾನು ನಿನ್ನ ಕೋಣೆಯಲ್ಲಿ ನೆಲದ ಮೇಲೆ ಮಲಗುವುದಕ್ಕೂ, ಈಗ ಅಜ್ಜಿ ನಿನ್ನ ಪಕ್ಕದಲ್ಲಿ ಹೆಣಿಗೆ ಹಿಡಿದು ಕೂತಿರುವುದಕ್ಕೂ ಅದೇ ಕಾರಣ. ನಿನ್ನಿಂದ ಮುಚ್ಚಿಡುವುದು ಇನ್ನು ಏನೂ ಇಲ್ಲ.

ಹೌದು, ಅಜ್ಜಿಗೂ ಹೇಳಿದೆ. ಮೊದಲು ಅವರು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು, "ನಮ್ಮ ವಂಶದಲ್ಲಿ ಯಾರಿಗೂ ತಲೆ ಕೆಟ್ಟಿಲ್ಲ" ಅಂದರು. "ಅತ್ತೆ, ನಿಮ್ಮ ಎದೆಗೆ ಮಾತ್ರೆ ಬೇಕಾದಾಗ ನಾಚಿಕೆ ಪಟ್ಕೊಂಡ್ರಾ? ಇವಳಿಗೆ ಯಾಕೆ ನಾಚಿಕೆ ಹೊರಿಸ್ತೀರಿ?" ಅಂದೆ. ಇಪ್ಪತ್ತು ವರ್ಷದಲ್ಲಿ ಅವರಿಗೆ ಎದುರುತ್ತರ ಕೊಟ್ಟದ್ದು ಅದೇ ಮೊದಲು. ಅವರು ಮಹಡಿ ಹತ್ತಿದರು. ಅರ್ಧ ಗಂಟೆ ಬಿಟ್ಟು ತಮ್ಮ ಉಣ್ಣೆಯ ಒಳ ಅಂಗಿ ಹಿಡಿದು ಇಳಿದರು. ಆಸ್ಪತ್ರೆಯ ಕಾರಿಡಾರಿನಲ್ಲಿ ಗಾಳಿ ಬೀಸುತ್ತದೆ, ಹುಡುಗಿಗೆ ಹಾಕಿಸು ಎಂದರು. ಚುಚ್ಚುತ್ತದೆ, ಆದರೂ ಹಾಕಿಕೋ. ಅಪ್ಪನಿಗೂ ಹೇಳಿದೆ, ಅವರು ಎದ್ದು ಹೋಗಿ ಕಾರಿಗೆ ಪೆಟ್ರೋಲು ಹಾಕಿಸಿ ಬಂದರು. ಆಮೇಲೆ, "ನಾನು ಹೊರಗೆ ಕೂತಿರ್ತೀನಿ. ಏನೂ ಕೇಳಲ್ಲ ಅಂತ ಅವಳಿಗೆ ಹೇಳು" ಅಂದರು. ಹೇಳಿದ್ದೇನೆ.

ಗುರುವಾರ ಶಾಲೆಗೆ ಹೋಗುತ್ತೇನೆ. ತಮಾರಾ ಅವರ ಕ್ಷಮೆ ಕೇಳಿ, ಚೀಟಿಗಳೆಲ್ಲ ಸುಳ್ಳು, ಬರೆಸಿದ್ದು ನಾನು ಎನ್ನುತ್ತೇನೆ. ನಿನ್ನ ನಡತೆಯ ಅಂಕ ಇಳಿಯಬಹುದು, ಇಳಿಯಲಿ. ಊರು ಆಡಿಕೊಳ್ಳುತ್ತದೆ. ಊರಿನ ಬಾಯಿ ನನಗೆ ಹೊಸದಲ್ಲ, ದಿನವೂ ಈ ಕುರ್ಚಿಯಲ್ಲಿ ಬಂದು ಕೂರುವುದು ಅದೇ ತಾನೇ.

ನಾಳೆ ಅಲ್ಲಿ ನೀನು ಏನು ಹೇಳಬೇಕೆಂದು ನಾನು ಹೇಳಿಕೊಡುವುದಿಲ್ಲ. ಒಳಗೆ ಬಾ ಎಂದರೆ ಬರುತ್ತೇನೆ, ಬೇಡ ಎಂದರೆ ಅಪ್ಪನ ಪಕ್ಕ ಕೂರುತ್ತೇನೆ. ಒಂದೇ ದಿನಕ್ಕೆ ಎಲ್ಲ ಸರಿಹೋಗುತ್ತದೆ ಎಂಬ ಭ್ರಮೆ ನನಗಿಲ್ಲ. ಎಷ್ಟು ಸಲ ಹೋಗಬೇಕೋ ಅಷ್ಟು ಸಲ ಹೋಗೋಣ. ನಾಳೆ ಆರಕ್ಕೆ ನೀನು ಏಳದಿದ್ದರೆ ಏಳಕ್ಕೆ ಎಬ್ಬಿಸುತ್ತೇನೆ, ಹೊದಿಕೆಯ ಸಮೇತ ಕಾರಿಗೆ ಹತ್ತಿಸುತ್ತೇನೆ. ಈ ಒಂದರಲ್ಲಿ ನಿನ್ನ ಹಟ ನಡೆಯುವುದಿಲ್ಲ.

ಅಮ್ಮನನ್ನು ನಂಬಿ ಕೆಟ್ಟೆ ಎನ್ನುತ್ತೀಯ, ಗೊತ್ತು. ನನ್ನ ಜೊತೆ ಮಾತು ಬಿಡುತ್ತೀಯ, ಅದೂ ಗೊತ್ತು. ಬಿಡು. ಆದರೆ ನನ್ನ ಆಶೀರ್ವಾದ ಒಂದಿದೆ, ಅದನ್ನು ಬೇಡ ಎನ್ನುವ ಹಾಗಿಲ್ಲ. ನಿನ್ನ ತಲೆಯಲ್ಲಿ ಬಿಳಿ ಕೂದಲು ಬರಲಿ. ಅವತ್ತೂ ನೀನು ನನ್ನೆದುರು ಕೂತು, ನಿನ್ನ ಮಕ್ಕಳ ಮುಂದೆಯೇ, ಈ ಮುದುಕಿ ಒಮ್ಮೆ ನನಗೆ ಕೊಟ್ಟ ಮಾತು ಮುರಿದಳು ಎಂದು ಇಷ್ಟೇ ಸಿಟ್ಟಿನಲ್ಲಿ ಬೈಯುವಂತಾಗಲಿ.

ಬೈಸಿಕೊಳ್ಳಲು ಸಿದ್ಧಳಾಗಿರುವ,
ನಿನ್ನ ಅಮ್ಮ